ಅಮೆರಿಕಕ್ಕೆ ಹೋದ ದನಿ

ಸ್ಕೋಫೀಲ್ಡ್ಸ್, ಸಿಡ್ನಿ
3 ಫೆಬ್ರವರಿ 2025

ಪ್ರೀತಿಯ ಶ್ವೇತಾ,

ಈ ಸಲ ಬರೆಯೋ ಸರದಿ ನಿನ್ನದು. ಆದ್ರೂ ತಡೆಯಕ್ಕಾಗದೆ ನಾನೇ ಕೂತೆ. ಫೋನ್ ಮಾಡಬಹುದಿತ್ತು. ಆದ್ರೆ ಫೋನಲ್ಲಿ ನಾವು ಮಕ್ಕಳ ಸ್ಕೂಲು, ಮಾರ್ಟ್‌ಗೇಜು ಬಿಟ್ಟು ಬೇರೆ ಮಾತಾಡಲ್ಲ. ಲಾಕ್‌ಡೌನ್‌ನಲ್ಲಿ ಈ ಕಾಗದದ ಅಭ್ಯಾಸ ಶುರು ಮಾಡಿದ್ದೇ ಅದಕ್ಕಲ್ವಾ?

ಶುಕ್ರವಾರ ಬೆಳಗ್ಗೆ ಮೆಟ್ರೋದಲ್ಲಿ ನಾರ್ತ್ ಸಿಡ್ನಿಗೆ ಹೋಗ್ತಿದ್ದೆ. ಎದುರಿಗೆ ಯೂನಿಫಾರ್ಮ್ ಹಾಕ್ಕೊಂಡ ಇಬ್ಬರು ಹುಡುಗೀರು ಫೋನ್ ನೋಡ್ಕೊಂಡು ಜೋರಾಗಿ ಹಾಡ್ತಿದ್ರು. ಏನು ಹಾಡು ಗೊತ್ತಾ? "ಡಾರ್ಕ್ ಬೈ ಫೋರ್". ನಮ್ಮ ಹಾಡು ಕಣೇ! ಲೀಡ್ಸ್‌ನ ಬಾಡಿಗೆ ಮನೆಯ ಅಡುಗೆಮನೇಲಿ, ಈ ಊರಲ್ಲಿ ನಾಲ್ಕು ಗಂಟೆಗೇ ಕತ್ತಲಾಗುತ್ತೆ ಅಂತ ಬೈಕೊಂಡು ಕಟ್ಟಿದ್ದು. ನೀನು ಧಾರವಾಡದ ಪೂರಿಯಾ ಧನಾಶ್ರೀ ಅಂತ ಆಲಾಪ ತೆಗೆದೆ. ನಾನು ಅದು ನಮ್ಮ ಮೈಸೂರಿನ ಪಂತುವರಾಳಿ ಅಂತ ಪಿಟೀಲು ತೆಗೆದೆ. ನಾವು ಕಿತ್ತಾಡೋದು ಕೇಳಿ ಮೇಲಿನ ರೂಮಿನ ಹ್ಯಾರಿಯೆಟ್ ಗಿಟಾರ್ ಹಿಡ್ಕೊಂಡು ಇಳಿದು ಬಂದಳು. ಕೆಳಗಿನ ರೂಮಿನ ಕ್ಯಾಲಮ್ ಬಕೆಟ್ ಬೋರಲು ಹಾಕಿ ಬಡಿಯಕ್ಕೆ ಕೂತ. ಎಂಎಸ್ಸಿ ಓದೋಕೆ ಹೋದ ನಾವಿಬ್ರು ಎರಡು ವರ್ಷ ಅವರ ಜೊತೆ "ಸ್ಯಾಂಡ್ ಮಾರ್ಟಿನ್ಸ್" ಅಂತ ಬ್ಯಾಂಡ್ ಕಟ್ಕೊಂಡು ಪಬ್‌ಗಳಲ್ಲಿ ಇಪ್ಪತ್ತು ಜನರ ಮುಂದೆ ನುಡಿಸಿದ್ವಿ. ವೀಸಾ ಮುಗೀತು, ನಾವು ಹೊರಟ್ವಿ. ಅವರಿಬ್ರೂ ಉಳ್ಕೊಂಡ್ರು.

ಈಗ ನೋಡು. ಎರಡು ವರ್ಷದ ಹಿಂದೆ ಆ ಹಾಡನ್ನ ಆಲ್ಬಮ್‌ಗೆ ಹಾಕಿದ್ರಂತೆ, ಇಂಗ್ಲೆಂಡ್‌ನಲ್ಲಿ ಯಾರೂ ಮೂಸಿ ನೋಡ್ಲಿಲ್ಲ. ಅಮೆರಿಕದ ಯಾವುದೋ ಸೀರಿಯಲ್‌ನ ಕೊನೇ ದೃಶ್ಯಕ್ಕೆ ಅದು ಬಂದಿದ್ದೇ ತಡ, ಅಮೆರಿಕದವರಿಗೆ ಹುಚ್ಚು ಹಿಡಿದಿದೆ. ಏಪ್ರಿಲ್‌ನಿಂದ ಅಲ್ಲಿ ಹದಿನಾಲ್ಕು ಊರಲ್ಲಿ ಟೂರ್, ಎಲ್ಲಾ ಕಡೆ ಟಿಕೆಟ್ ಖಾಲಿ. ಹ್ಯಾರಿಯೆಟ್ ಟೀ ಸೋಸಕ್ಕೆ ಬರದೇ ಇದ್ದೋಳು, ಅಲ್ಲಿನ ಟಿವಿ ಶೋದಲ್ಲಿ ಕಾಲ್ ಮೇಲೆ ಕಾಲ್ ಹಾಕ್ಕೊಂಡು ಕೂತಿದಾಳೆ.

ನಮ್ಮನೆಯವರಿಗೆ, ಚಕ್ರಪಾಣಿಗೆ, ಹೇಳಿದ್ರೆ "ಓ, ನೈಸ್" ಅಂದು ಮಗ ಅದ್ವಿಕ್‌ನ ಸ್ವಿಮ್ಮಿಂಗ್‌ಗೆ ಕರ್ಕೊಂಡು ಹೋದ್ರು. ಯಾರ ಹತ್ರ ಹೇಳ್ಕೊಳ್ಳಲಿ? ನನ್ನ ಪಿಟೀಲು ತೆಗೆದುಹಾಕಿದಾರೆ ಶ್ವೇತಾ. ಆ ಜಾಗದಲ್ಲಿ ಕೀಬೋರ್ಡ್ ಇದೆ. ಹನ್ನೊಂದು ಸಲ ಕೇಳಿದೆ, ಒಂದು ಎಳೆ ಕೂಡ ಇಲ್ಲ.

ನಿನಗೆ ಉರಿಯಲ್ವಾ? ನಿಜ ಹೇಳು.

ನಿನ್ನ
ಅನಸೂಯಾ


ಟ್ರುಗನಿನಾ, ಮೆಲ್ಬರ್ನ್
12 ಫೆಬ್ರವರಿ 2025

ಅನೂ,

ನೀ ಮೆಟ್ರೋದಾಗ ಕೇಳಿದಿ. ನಾ ವೇರ್‌ಹೌಸಿನಾಗ ಕೇಳೇನಿ, ಜನವರಿಯಾಗ. ನಾ ಕುಂತು ಲಾರಿಗಳ ಟೈಮ್ ಹೊಂದಸ್ತಿದ್ದೆ, ಹೊರಗ ಫೋರ್ಕ್‌ಲಿಫ್ಟ್ ಹುಡುಗರು ರೇಡಿಯೋ ಹಚ್ಚಿದ್ರು. ಹಾಡು ಸುರು ಆದ ಕೂಡಲೇ ಕೈಯಾಗಿನ ಪೆನ್ನು ಬಿತ್ತು. ಮುಗಿಯೂತನಾ ಎತ್ತಲಿಲ್ಲ.

ಉರೀತೈತೇನು ಅಂತ ಕೇಳೀದಿ. ಇಲ್ಲ ಅಂದ್ರ ಸುಳ್ಳಾಗತೈತಿ. ಆದ್ರ ಒಂದು ಮಾತು. ನಾವು ಈ ದೇಶದಾಗ ಕಾಯಂ ಉಳಿಯಾಕ ಪಿಆರ್ ಪಾಯಿಂಟ್ ಎಣಸ್ತಾ ಕುಂತಾಗ ಅವರು ಹಳೇ ವ್ಯಾನಿನಾಗ ಊರೂರು ತಿರಗ್ಯಾರ, ಹದಿಮೂರು ವರ್ಷ. ಅಮೆರಿಕಾದವರು ಸುಮ್ನ ಹೊತ್ತು ಮೆರಸಾಕ ಹತ್ತಿಲ್ಲ.

ನಿನ್ನ ಪಿಟೀಲು ತಗದದ್ದು ಮಾತ್ರ ಭಾಳ ಕೆಟ್ಟ ಅನಿಸ್ತು. ಆ ಕೀಬೋರ್ಡು ಲಿಫ್ಟಿನಾಗ ಮ್ಯೂಸಿಕ್ ಕೇಳಸ್ತೈತಲ್ಲ, ಹಂಗೈತಿ. ನೀ ಇದ್ದಿದ್ರ ಆ ಹಾಡು ಇನ್ನೂ ಮ್ಯಾಲೆ ಹೋಗತಿತ್ತು. ನಿನ್ನ ಸಮಾಧಾನಕ್ಕ ಹೇಳಾಕ ಹತ್ತಿಲ್ಲ.

ಹ್ಯಾರಿಯೆಟ್ ನಿನಗೇನರ ಬರದಾಳೇನು? ನೀ ಆಫೀಸಿನ ಹೆಸರು ಸಮೇತ ಇಂಟರ್ನೆಟ್ಟಿನಾಗ ಎಲ್ಲಾ ಕಡೆ ಸಿಗತಿ. ನಂದು ಫೇಸ್‌ಬುಕ್ಕಿಲ್ಲ, ಏನಿಲ್ಲ. ಮದವಿ ಆದ ಮ್ಯಾಲೆ ಅಡ್ಡಹೆಸರೂ ಬದಲಾಗೇತಿ. ನನ್ನ ಹುಡುಕಾಕ ಬಂದ್ರೂ ಯಾರಿಗೂ ಸಿಗೂದಿಲ್ಲ.

ನಮ್ಮ ಪ್ರಣತಿ ಇಯರ್ ಸಿಕ್ಸಿಗೆ ಬಂದಾಳ. ನನ್ನ ಭುಜಕ್ಕ ಬರತಾಳ.

ನಿನ್ನ
ಮಹಾಶ್ವೇತಾ


ಸ್ಕೋಫೀಲ್ಡ್ಸ್
20 ಫೆಬ್ರವರಿ 2025

ಶ್ವೇತಾ,

ಇಲ್ಲ ಕಣೇ, ಹ್ಯಾರಿಯೆಟ್ ಯಾಕೆ ಬರೀತಾಳೆ? ದೊಡ್ಡೋರಾಗಿದಾರೆ.

ನೀನು ಅವರ ಪರ ವಹಿಸ್ಕೊಂಡು ಬರೆದಿದ್ದು ನೋಡಿ ಸ್ವಲ್ಪ ಕೋಪ ಬಂತು. ವ್ಯಾನಲ್ಲಿ ತಿರುಗಕ್ಕೆ ನಾವು ಒಲ್ಲೆ ಅಂದಿದ್ವಾ? ನಮ್ಮ ಪಾಸ್‌ಪೋರ್ಟ್ ಬೇರೆ ಬಣ್ಣದ್ದು, ಅಷ್ಟೆ. ನಿನ್ನೆ ಮೀಟಿಂಗ್‌ನಲ್ಲಿ ನಮ್ಮ ಮ್ಯಾನೇಜರ್ ದರ್ಶನ್ ಆ ಹಾಡನ್ನ ಸಿಳ್ಳೆ ಹಾಕ್ತಿದ್ದ. "ಈ ಬ್ರಿಟಿಷರು ನೋಡ್ರೀ, ನಮ್ಮ ರಾಗ ಹಾಕಿ ಅಮೆರಿಕ ಗೆದ್ದುಬಿಟ್ರು" ಅಂದ. ಅದನ್ನ ಮಾಡಿದ್ದು ನಾನು ಅಂತ ಬಾಯಿ ತುದಿಗೆ ಬಂತು. ಹೇಳಿದ್ರೆ ಎಲ್ಲಿ ಮಾಡಿದೀರಿ, ಕೇಳ್ಸೋದೇ ಇಲ್ವಲ್ಲ ಅಂತಾನೆ.

ಒಂದು ವಿಷಯ ಕೇಳ್ಬೇಕು. ನೀನು ಈಗಲೂ ಹಾಡ್ತೀಯಾ? ಹೋದ ವರ್ಷ ಕನ್ನಡ ಸಂಘದ ಕಾರ್ಯಕ್ರಮಕ್ಕೂ ಒಲ್ಲೆ ಅಂದೆಯಂತೆ. ಬಿಟ್ಟೇ ಬಿಟ್ಯಾ? ಸುಮ್ನೆ ಕೇಳ್ದೆ.

ಅನಸೂಯಾ


ಟ್ರುಗನಿನಾ
4 ಮಾರ್ಚ್ 2025

ಅನೂ,

ಹಾಡೂದು ಬಿಟ್ಟೀನಿ. ಸಂಘದಾಗ ನನ್ನ ಹಾಡಿನ ಹೊತ್ತಿಗೇ ಊಟದ ಸಾಲು ಸುರು ಆಗತೈತಿ. ಅಲ್ಲೆ ಹಾಡಾಕ ಮನಸ್ಸಿಲ್ಲ. ಖರೇ ಹೇಳಲಿ? ಯಾರರ ಚಲೋತ್ನಾಗ ಕರದ್ರ ಓಡಿ ಹೋಗತೀನಿ. ಯಾರೂ ಕರದಿಲ್ಲ. ಅದಕ್ಕ ಬಿಟ್ಟೀನಿ ಅಂತ ನಾನs ಹೇಳಕೋತ ಅಡ್ಡಾಡತೀನಿ.

ಒಂದು ಸಂಗತಿ ನಿನ್ನಿಂದ ಮುಚ್ಚಿಟ್ಟೀನಿ. ಹೋದ ಕಾಗದದಾಗ ಬರದು ಮತ್ತ ಹರದು ಒಗದೆ. ಆ ಹಾಡಿನ ಮೊದಲಿನ ಆಲಾಪ, ಅದು ಯಾರೋ ಹೊಸಾಕಿ ಹಾಡಿದ್ದಲ್ಲ. ಅದು ನನ್ನ ದನಿ. ಕ್ಯಾಲಮ್ ಅಡಗಿಮನ್ಯಾಗ ಫೋನಿನಾಗ ಹಿಡದಿದ್ನಲ್ಲ, ಅದನ್ನ ಹಂಗs ಇಟ್ಟಾರ. ನಿಷಾದದ ಮ್ಯಾಲೆ ನಾ ಸಣ್ಣಗ ಕೆಮ್ಮೀನಿ, ಅದೂ ಐತಿ. ನಿನಗ ಗೊತ್ತಾಗಿಲ್ಲ ಅಂತ ಕಾಣತೈತಿ. ಗೊತ್ತಾಗಿದ್ರ ಮೊದಲಿನ ಕಾಗದದಾಗs ಬರೀತಿದ್ದಿ.

ಯಾಕ ಮುಚ್ಚಿಟ್ಟೆ ಅಂದ್ರ, ನಿನ್ನ ಪಿಟೀಲು ತಗದು ನನ್ನ ದನಿ ಇಟ್ಟಾರ ಅಂದ್ರ ನಿನಗ ಕೆಟ್ಟ ಅನಸ್ತೈತಿ ಅಂತ. ನನಗೂ ಒಂದು ಮಾತು ಕೇಳದs ಇಟ್ಟಾರ ಅಂತ ಸಿಟ್ಟೈತಿ. ಆದ್ರ ಸಿಟ್ಟಿನ ಒಳಗ ಖುಷಿನೂ ಐತಿ ಅನೂ. ವೇರ್‌ಹೌಸಿನ ಪಾರ್ಕಿಂಗಿನಾಗ ಕಾರಿನ ಕಿಟಕಿ ಏರಿಸಿ ನನ್ನ ದನಿ ನಾನs ಕೇಳತೀನಿ. ಶಿಕಾಗೋದಾಗ ಯಾರೋ ಒಬ್ಬಾಕಿ ಬಟ್ಟಿ ಮಡಚಕೋತ ಇದನ್ನ ಕೇಳತಿರಬೇಕು ಅನಸ್ತೈತಿ.

ನಿನ್ನ ಬಿಟ್ಟು ಯಾರಿಗೂ ಹೇಳಿಲ್ಲ, ನಮ್ಮ ಮನಿಯವರಿಗೂ ಹೇಳಿಲ್ಲ. ಏನ್ ಮಾಡ್ಲಿ? ನಾನs ಹ್ಯಾರಿಯೆಟ್‌ಗೆ ಬರೀಲೇನು? ನೀ ಹೇಳಿದಂಗ ಮಾಡತೀನಿ.

ಮಹಾಶ್ವೇತಾ


ಸ್ಕೋಫೀಲ್ಡ್ಸ್
29 ಏಪ್ರಿಲ್ 2025

ಶ್ವೇತಾ,

ಉತ್ತರ ತಡ ಆಯ್ತು. ಆಫೀಸಲ್ಲಿ ಹೊಸ ಸಾಫ್ಟ್‌ವೇರ್ ಗೋ-ಲೈವ್, ಅದ್ವಿಕ್‌ಗೆ ಕೋಚಿಂಗ್, ಮನೆಗೆ ಚಕ್ರಪಾಣಿ ಕಡೆಯೋರು ಬಂದಿದ್ರು.

ಹ್ಯಾರಿಯೆಟ್‌ಗೆ ನೀನಾಗಿ ಬರೀಬೇಡ ಅಂತ ನನಗನ್ನಿಸುತ್ತೆ. ಕೈಚಾಚಿದ ಹಾಗಾಗುತ್ತೆ. ಬೇಕಿದ್ರೆ ಅವರೇ ಹುಡುಕ್ತಾರೆ. ಇಲ್ಲಿ ಚಳಿ ಶುರುವಾಗಿದೆ. ಪ್ರಣತಿಗೆ ಸ್ವೆಟರ್ ಕಳಿಸಿದೀನಿ, ತೋಳು ಉದ್ದ ಆದ್ರೆ ಮಡಚು.

ಅನಸೂಯಾ


ಟ್ರುಗನಿನಾ
18 ಮೇ 2025

ಅನಸೂಯಾ,

ಸ್ವೆಟರ್ ಮುಟ್ಟೇತಿ.

ನಿನ್ನಿ ಮಧ್ಯಾಹ್ನ ಪ್ರಣತಿ ಒಂದು ವಿಡಿಯೋ ತೋರಿಸಿದ್ಲು. ಅಕಿಗೂ ಆ ಹಾಡಿನ ಹುಚ್ಚು. ಅಮೆರಿಕಾದ ರೇಡಿಯೋದವರು ಹ್ಯಾರಿಯೆಟ್‌ನ ಮಾತಾಡಿಸ್ಯಾರ. "ಮೊದಲಿಗೆ ಬರೂ ಆ ದನಿ ಯಾರದು? ಇಡೀ ಅಮೆರಿಕಾ ಕೇಳಾಕ ಹತ್ತೇತಿ" ಅಂದ್ರು. ಅದಕ್ಕ ಹ್ಯಾರಿಯೆಟ್ ಹೇಳಿದ್ದು: "ನಮ್ಮ ಹಳೇ ಗೆಳತೀದು. ನ್ಯೂಯಾರ್ಕಿಗೆ ಬಂದು ನಮ್ಮ ಜೋಡಿ ಹಾಡು ಅಂತ ಕರಿಯಾಕ ಭಾಳ ಹುಡುಕಿದ್ವಿ. ಅಕಿಗೆ ಹತ್ತಿರದವರೊಬ್ಬರು, ಅಕಿ ಸಂಗೀತ ಬಿಟ್ಟಾಳ, ಆ ದಿನ ನೆನಸೂದೂ ಬ್ಯಾಡ ಅಂತಾಳ, ದಯವಿಟ್ಟು ತೊಂದರಿ ಕೊಡಬ್ಯಾಡ್ರಿ ಅಂತ ಬರದ್ರು. ಅದಕ್ಕ ಮತ್ತೊಬ್ಬಾಕಿನ್ನ ಇಟಗೊಂಡೀವಿ."

ಪ್ರಣತಿ "ಹೂ ಈಸ್ ಶಿ, ಅಮ್ಮಾ?" ಅಂದ್ಲು. ಗೊತ್ತಿಲ್ಲವ್ವಾ ಅಂದೆ.

ಮೂರು ಸಲ ನೋಡೇನಿ. ಹತ್ತಿರದವರು ಅಂದ್ರ ಯಾರು ಅಂತ ಊರೆಲ್ಲಾ ನೆನಿಸೇನಿ. ಹ್ಯಾರಿಯೆಟ್‌ಗೂ ನನಗೂ ಇಬ್ಬರಿಗೂ ಗೊತ್ತಿರಾಕಿ ಒಬ್ಬಾಕಿನs.

ಅದು ನೀ ಏನು?

ಮಹಾಶ್ವೇತಾ


ಸ್ಕೋಫೀಲ್ಡ್ಸ್
2 ಜೂನ್ 2025

ಶ್ವೇತಾ,

ನಾನೇ.

ನಾಲ್ಕು ಸಲ ಬೇರೆ ಬೇರೆ ಥರ ಬರೆದು ಹರಿದು ಹಾಕಿದೆ. ಎಲ್ಲದರಲ್ಲೂ ನಾನು ಒಳ್ಳೆಯವಳಾಗಿ ಕಾಣ್ತಿದ್ದೆ. ನಡೆದದ್ದನ್ನ ನಡೆದ ಹಾಗೆ ಬರೀತೀನಿ.

ನಿನ್ನ ದನಿ ನನಗೆ ಮೆಟ್ರೋದಲ್ಲೇ, ಮೊದಲನೇ ಸ್ವರಕ್ಕೇ ಗೊತ್ತಾಯ್ತು. ನೀನು ಕೆಮ್ಮಿದ್ದೂ ಗೊತ್ತಾಯ್ತು. ಬೇಕು ಅಂತಲೇ ಅದನ್ನ ಬಿಟ್ಟು, ನನ್ನ ಪಿಟೀಲಿನ ಗೋಳು ಬರೆದೆ. ನಿನಗೆ ಗೊತ್ತಿಲ್ಲದೆ ಹೋಗಲಿ ಅಂತಿತ್ತು.

ಫೆಬ್ರವರಿ ಹದಿನೇಳಕ್ಕೆ ಲಿಂಕ್ಡ್‌ಇನ್‌ನಲ್ಲಿ ಹ್ಯಾರಿಯೆಟ್ ಮೆಸೇಜ್ ಬಂತು. "ಅನು, ಹೇಗಿದೀಯಾ" ಅಂತ ಒಂದು ಸಾಲು. ಆಮೇಲೆ ಒಂದು ಪುಟ ಪೂರ್ತಿ ನೀನು. ಶ್ವೇತಾ ಎಲ್ಲಿ, ಶ್ವೇತಾ ದನಿ ಇಲ್ಲದೆ ಈ ಹಾಡೇ ಇಲ್ಲ, ಅವಳನ್ನ ಕೇಳದೆ ಹಾಕಿದ್ದು ತಪ್ಪಾಯ್ತು, ಅವಳ ಹೆಸರು ದೊಡ್ಡದಾಗಿ ಹಾಕ್ಬೇಕು, ನ್ಯೂಯಾರ್ಕಿಗೆ ಕರೆಸ್ಬೇಕು. ನನ್ನ ಪಿಟೀಲಿನ ಬಗ್ಗೆ ಒಂದಕ್ಷರ ಇರಲಿಲ್ಲ. ಅಡುಗೆಮನೇಲಿ ನಾನೂ ಇದ್ದೆ ಅನ್ನೋದೇ ಅವಳಿಗೆ ಮರೆತ ಹಾಗಿತ್ತು. ನಿನ್ನ ವಿಳಾಸ ಹೇಳೋ ಪೋಸ್ಟ್‌ಬಾಕ್ಸ್ ಥರ ನನ್ನನ್ನ ನೆನಪಿಸ್ಕೊಂಡಿದ್ಲು.

ಮೂರು ದಿನ ಆದಮೇಲೆ ನಿನಗೆ "ಹಾಡ್ತೀಯಾ" ಅಂತ ಸುಮ್ನೆ ಕೇಳೋ ಹಾಗೆ ಕೇಳ್ದೆ. "ಹಾಡೂದು ಬಿಟ್ಟೀನಿ" ಅಂತ ನೀನು ಬರೆದೆ. ಕರೆದ್ರೆ ಓಡಿ ಹೋಗ್ತೀನಿ ಅಂತಲೂ ಬರೆದಿದ್ದೆ. ಅದನ್ನೂ ಓದಿದೆ. ನಿನ್ನ ಕಾಗದ ಬಂದ ದಿನವೇ ಲಂಚ್ ಟೈಮಲ್ಲಿ, ಸ್ಯಾಂಡ್‌ವಿಚ್ ಒಂದು ಕೈಲಿ ಹಿಡ್ಕೊಂಡು, ಹ್ಯಾರಿಯೆಟ್‌ಗೆ ಉತ್ತರ ಟೈಪ್ ಮಾಡ್ದೆ. ಎರಡು ನಿಮಿಷ ಹಿಡೀತು. ಕಳಿಸಿದ ಮೇಲೆ ಎಷ್ಟೋ ದಿನದಿಂದ ಇದ್ದ ತಲೆನೋವು ಇಳಿದ ಹಾಗಾಯ್ತು. ಅದನ್ನ ಬರೆಯಕ್ಕೇ ನನಗೆ ಎಲ್ಲಕ್ಕಿಂತ ನಾಚಿಕೆ.

ಏಪ್ರಿಲ್‌ನಲ್ಲಿ ನಿನಗೆ ಬರೀಬೇಡ ಅಂದಾಗ ಅವರ ಟೂರ್ ಶುರುವಾಗಿತ್ತು. ಮುಗಿಯೋವರೆಗೆ ನೀನು ಸುಮ್ನಿದ್ರೆ ಸಾಕು ಅಂದ್ಕೊಂಡಿದ್ದೆ. ಅಲ್ಲಿ ನಿನ್ನ ಆಲಾಪ ಹಾಡಿದೋಳ ವಿಡಿಯೋ ನೋಡ್ದೆ. ಶ್ರುತಿ ಇದೆ, ಬೇರೆ ಏನೂ ಇಲ್ಲ. ನೀನಿರಬೇಕಾದ ಜಾಗ ಅಂತ ಆಗ ಗೊತ್ತಾಯ್ತು. ಆದ್ರೂ ಹೇಳ್ಲಿಲ್ಲ.

ಕ್ಷಮಿಸು ಅನ್ನಕ್ಕೆ ಬಾಯಿಲ್ಲ.

ಅನಸೂಯಾ


ಟ್ರುಗನಿನಾ
27 ಜುಲೈ 2025

ಅನಸೂಯಾ,

ಎಂಟು ವಾರ ನಿನ್ನ ಕಾಗದ ಬೀರುವಿನಾಗ ಇಟ್ಟಿದ್ದೆ. ಇವತ್ತ ಉತ್ತರಾ ಬರದು ಮುಗಸತೀನಿ.

ನ್ಯೂಯಾರ್ಕಿನಾಗ ಹದಿನೆಂಟು ಸಾವಿರ ಮಂದಿ ಇದ್ರಂತ. ನನಗ ಮೂವತ್ತೊಂಬತ್ತು. ಇಂಥಾದ್ದು ಮತ್ತ ಬರತೈತೇನು? ನೀ ಕಸಗೊಂಡದ್ದು ಏನು ಅಂತ ನಿನಗ ಗೊತ್ತೈತಿ. ನಿನ್ನಷ್ಟು ಗೊತ್ತಿರಾಕಿ ಈ ದೇಶದಾಗ ಇನ್ನೊಬ್ಬಾಕಿ ಇಲ್ಲ. ಅದs ನನಗ ಸಹಿಸಾಕ ಆಗವಲ್ದು. ಗೊತ್ತಿಲ್ಲದಾಕಿ ಮಾಡಿದ್ರ ಮರೀತಿದ್ದೆ.

ನಮ್ಮ ಮನಿಯವರಿಗೆ ಎಲ್ಲಾ ಹೇಳೇನಿ. ಹಾಡು ಕೇಳಸೇನಿ. ಅವರು ಕೇಳಿ, "ಇಷ್ಟು ದಿನ ನನಗ್ಯಾಕ ಹೇಳಲಿಲ್ಲ?" ಅಂದ್ರು. ನಾ ಹಾಡು ಮತ್ತೊಮ್ಮೆ ಹಚ್ಚಿದೆ.

ಹ್ಯಾರಿಯೆಟ್‌ಗೆ ನಾನs ಬರದೆ. ನಿನ್ನ ಮ್ಯಾಲೆ ಏನೂ ಹೇಳಿಲ್ಲ. ಆವಾಗ ಬ್ಯಾಡ ಅಂದಾಕಿ ನಾನs, ಈಗ ಮನಸ್ಸು ಬದಲಾಗೇತಿ ಅಂತ ಬರದೇನಿ. ನಿನ್ನ ಉಳಸಾಕ ಅಂತ ತಿಳಕೋಬ್ಯಾಡ. ಹದಿನೈದು ವರ್ಷದ ನನ್ನ ಗೆಳತಿ ಹಿಂತಾಕಿ ಅಂತ ಮಂದಿಗೆ ಹೇಳಾಕ ನನಗ ನಾಚಿಕಿ ಆತು.

ಇನ್ನ ಬರೀಬ್ಯಾಡ.

ಮಹಾಶ್ವೇತಾ


ಸ್ಕೋಫೀಲ್ಡ್ಸ್
10 ಆಗಸ್ಟ್ 2025

ಶ್ವೇತಾ,

ಬರೀಬೇಡ ಅಂದೆ. ಇದೊಂದು ತಿಳಿಸ್ಬೇಕು.

ಹ್ಯಾರಿಯೆಟ್‌ಗೆ ನಿಜ ಬರೆದೆ. ಶ್ವೇತಾ ಬೇಡ ಅಂದಿರಲಿಲ್ಲ, ನಿನ್ನ ಮಾತು ಅವಳಿಗೆ ಮುಟ್ಟಲೇ ಇಲ್ಲ, ಹೊಟ್ಟೆಕಿಚ್ಚಿಗೆ ನಾನೇ ಸುಳ್ಳು ಹೇಳಿದ್ದು ಅಂತ. ಇಂಗ್ಲಿಷಲ್ಲಿ ಬರೆಯೋದು ಸುಲಭ ಆಗುತ್ತೆ ಅಂದ್ಕೊಂಡಿದ್ದೆ. ಆಗಲಿಲ್ಲ. ನನ್ನ ತಪ್ಪನ್ನ ನೀನು ಹೊತ್ಕೊಳ್ಳೋದು ಬೇಡ.

ಚಕ್ರಪಾಣಿಗೂ ಹೇಳ್ದೆ. ಈ ಸಲ ಅವರು "ನೈಸ್" ಅನ್ನಲಿಲ್ಲ.

ಅನಸೂಯಾ


ಟ್ರುಗನಿನಾ
21 ಅಕ್ಟೋಬರ್ 2025

ಅನಸೂಯಾ,

ಸ್ಯಾಂಡ್ ಮಾರ್ಟಿನ್ಸ್ ಮೆಲ್ಬರ್ನಿಗೆ ಬರಾಕ ಹತ್ತ್ಯಾರ, ನವೆಂಬರ್ ಹದಿನೈದಕ್ಕ. ನಾ ಅವರ ಜೋಡಿ ಹಾಡತೀನಿ. ಒಂದs ಹಾಡು.

ಇನ್ನೊಂದು ಹೇಳೂದೈತಿ. ನಿನ್ನ ಪತ್ರ ಓದಿ ಹ್ಯಾರಿಯೆಟ್ ಆಗಸ್ಟಿನಾಗ ಫೋನ್ ಮಾಡಿದ್ಲು. ಮೊದಲ ಬೈದ್ಲು, ಇಬ್ಬರೂ ನನಗ ಸುಳ್ಳು ಹೇಳೀರಿ ಅಂತ. ಆಮ್ಯಾಲೆ ಅತ್ತಳು. ಪಿಟೀಲು ತಗದದ್ದು ರೆಕಾರ್ಡ್ ಕಂಪನಿಯವರು, ತಾ ಸುಮ್ನ ಇದ್ದದ್ದು ತಪ್ಪು ಅಂದ್ಲು. "ಅನೂನ ಕರಿ, ಮೆಲ್ಬರ್ನಿನಾಗ ನಾಲ್ವರೂ ಕೂಡಿ ಬಾರಸೂಣು, ನಾ ಕರದ್ರ ಬರೂದಿಲ್ಲ, ನೀನs ಕರಿ" ಅಂದ್ಲು.

ಹೂಂ ಅಂದೆ. ಕರೀಲಿಲ್ಲ. ಎರಡು ತಿಂಗಳು ಹಿಡಕೊಂಡು ಕುಂತೆ.

ಮೊದಲಿಗೆ ಸಿಟ್ಟು ಅಂದುಕೊಂಡೆ. ನಿನಗ ಆಗಬೇಕಾದ್ದs ಅಂತ. ಆಮ್ಯಾಲೆ ತಿಳೀತು, ಬರೇ ಸಿಟ್ಟಲ್ಲ. ನೀ ಬಾಜೂಕ ನಿಂತು ಪಿಟೀಲು ಎತ್ತಿದ್ರ ಮಂದಿ ನಿನ್ನ ಕಡೆ ನೋಡತಾರ. ಲೀಡ್ಸಿನಾಗೂ ಹಂಗs ಆಗತಿತ್ತು, ನೆನಪೈತೇನು? ಈ ಸಲ ಎಲ್ಲಾರೂ ನನ್ನ ಒಬ್ಬಾಕಿನ್ನs ನೋಡಲಿ ಅನಸ್ತು. ಹ್ಯಾರಿಯೆಟ್ ಎರಡು ಸಲ ಕೇಳಿದ್ಲು. ಅನೂ ವಿಚಾರ ಮಾಡಾಕ ಹತ್ತ್ಯಾಳ ಅಂದೆ. ಎಷ್ಟು ಹಗೂರ ಬಾಯಿಂದ ಬಂತು ಆ ಮಾತು!

ಈಗ ವಿಡಿಯೋ ಕಾಲಿನ್ಯಾಗ ತಾಲೀಮು ಎಲ್ಲಾ ಮುಗದಾವು. ಪಿಟೀಲು ಸೇರಸಾಕ ವ್ಯಾಳ್ಯಾ ಇಲ್ಲ. ಬೇಕಂತನs ತಡಾ ಮಾಡೇನಿ. ನೀ ಮಾಡಿದ್ದಕ್ಕೂ ಇದಕ್ಕೂ ಸರಿಹೋತು ಅಂತ ನಾ ಅನ್ನೂದಿಲ್ಲ. ನಿಂದು ದೊಡ್ಡದು. ಆದ್ರ ಹೆಂಗ ಮಾಡಿದಿ ಅನ್ನೂದು ಈಗ ನನಗ ತಿಳೀತೈತಿ.

ಟಿಕೆಟ್ ಇದರಾಗ ಇಟ್ಟೀನಿ. ಪ್ರಣತಿ ಬಾಜೂಕಿನ ಸೀಟು. ಬಂದ್ರ ಬಾ.

ಮಹಾಶ್ವೇತಾ


ಸ್ಕೋಫೀಲ್ಡ್ಸ್
18 ನವೆಂಬರ್ 2025

ಶ್ವೇತಾ,

ಬಂದಿದ್ದೆ ಅಂತ ಪ್ರಣತಿ ಹೇಳಿರ್ತಾಳೆ. ನಿನ್ನನ್ನ ನೋಡದೆ ಹೊರಟುಬಂದೆ. ಯಾಕೆ ಅಂತ ಬರೀತೀನಿ.

ನಿನ್ನ ಅಕ್ಟೋಬರ್ ಕಾಗದ ಓದಿ ಎರಡು ದಿನ ನಿನ್ನ ಮೇಲೆ ಉರ್ಕೊಂಡೆ. ನನಗೆ ಉರ್ಕೊಳ್ಳೋ ಹಕ್ಕಿಲ್ಲ, ಆದ್ರೂ ಉರ್ಕೊಂಡೆ. ಬರಲ್ಲ ಅಂತ ತೀರ್ಮಾನ ಮಾಡಿದ್ದೆ. ಶುಕ್ರವಾರ ಆಫೀಸಿಂದಲೇ ಫ್ಲೈಟ್ ಬುಕ್ ಮಾಡ್ದೆ.

ಹ್ಯಾರಿಯೆಟ್ ಮೈಕ್ ಹತ್ರ ಬಂದು, "ಈ ದನಿ ಅಮೆರಿಕ ಪೂರ್ತಿ ಕೇಳಿದೆ, ಈ ಹೆಂಗಸನ್ನ ಅಲ್ಲಿ ಯಾರೂ ನೋಡಿಲ್ಲ. ನೀವು ಮೊದಲು ನೋಡ್ತಿದೀರಿ" ಅಂದಾಗ ಜನ ಎದ್ದು ನಿಂತ್ರು. ನೀನು ಕಪ್ಪು ಕುರ್ತಾದಲ್ಲಿ ಬಂದೆ. ಮೊದಲ ಸ್ವರ ಒಂಚೂರು ಅಲುಗಿತು. ಆಗ ನನಗೇನಾಯ್ತು ಗೊತ್ತಾ? ಖುಷಿ ಆಯ್ತು. ತಪ್ಪಲಿ, ಇನ್ನೊಂಚೂರು ತಪ್ಪಲಿ ಅಂದ್ಕೊಂಡೆ. ಇಷ್ಟೆಲ್ಲಾ ಆದಮೇಲೂ ನನ್ನೊಳಗೆ ಅದೇ ಇತ್ತು. ಆಮೇಲೆ ನೀನು ಕಣ್ಣು ಮುಚ್ಚಿ ತಾರ ಷಡ್ಜಕ್ಕೆ ಹೋದೆ, ಅಲ್ಲೇ ನಿಂತುಬಿಟ್ಟೆ. ನನ್ನ ಎಡಗೈ ಬೆರಳು ತೊಡೆ ಮೇಲೆ ತಾವಾಗೇ ಓಡಾಡ್ತಿದ್ವು. ಪ್ರಣತಿ ನೋಡಿ ಆ ಕೈ ಹಿಡ್ಕೊಂಡು, "ಆಂಟಿ, ಆರ್ ಯೂ ಓಕೆ?" ಅಂದ್ಲು. ನಾನು ಅಳ್ತಿದ್ದೆ. ಎಷ್ಟು ಹೊಟ್ಟೆಕಿಚ್ಚಿಗೆ, ಎಷ್ಟು ನಿನ್ನ ಹಾಡಿಗೆ ಅಂತ ಈಗಲೂ ಬಿಡಿಸಿ ಹೇಳಕ್ಕಾಗಲ್ಲ. ಆ ಹೊತ್ತಲ್ಲಿ ನಿನ್ನ ಮುಂದೆ ಬಂದು "ಚೆನ್ನಾಗಿ ಹಾಡ್ದೆ" ಅಂದಿದ್ರೆ ಅದು ಅರ್ಧ ಸುಳ್ಳಾಗಿರ್ತಿತ್ತು. ನಿನಗೆ ಇನ್ನೊಂದು ಸುಳ್ಳು ಹೇಳೋದು ಬೇಡ ಅನ್ನಿಸ್ತು. ಪ್ರಣತೀನ ಅವರಪ್ಪನ ಹತ್ರ ಬಿಟ್ಟು ಹೊರಟೆ.

ಇವತ್ತು ಪೂರ್ತಿ ನಿಜವಾಗಿ ಹೇಳಬಲ್ಲೆ. ಚೆನ್ನಾಗಿ ಹಾಡ್ದೆ ಶ್ವೇತಾ. ನ್ಯೂಯಾರ್ಕ್ ನಿನ್ನದಾಗಿತ್ತು.

ಹೊರಗೆ ಟ್ರಾಮ್‌ಗೆ ಕಾಯ್ತಿದ್ದಾಗ ಒಬ್ಬಳು ಆಸ್ಟ್ರೇಲಿಯನ್ ಹುಡುಗಿ ನನ್ನ ಮುಖ ನೋಡಿ, "ಆ ಸಿಂಗರ್ ನಿಮಗೆ ಗೊತ್ತಾ?" ಅಂತ ಕೇಳಿದ್ಲು. "ನನ್ನ ಗೆಳತಿ" ಅಂದೆ. ಹಾಗೆ ಹೇಳಬಹುದಿತ್ತೋ ಇಲ್ವೋ ಗೊತ್ತಿಲ್ಲ. ಅವಳು ಹೋದಳು. ತಪ್ಪಿದ್ರೆ ತಿದ್ದು.

ಅನಸೂಯಾ


ಟ್ರುಗನಿನಾ
26 ನವೆಂಬರ್ 2025

ಅನೂ,

ಮೊದಲನೇ ಸ್ವರ ಯಾಕ ಅಲಗಿತು ಅಂದ್ರ, ಪರದೆ ಸರಿಸಿ ಮೂರನೇ ಸಾಲಿನಾಗ ನಿನ್ನ ನೋಡಿದ್ದೆ.

ಸಿಟ್ಟು ಇನ್ನೂ ಐತಿ. ಹೋಗಾಕ ಹೊತ್ತು ಬೇಕು. ಎಷ್ಟಂತ ಕೇಳಬ್ಯಾಡ. ಆ ಹುಡುಗಿಗೆ ನೀ ಹೇಳಿದ್ದನ್ನ ತಿದ್ದೂದೇನಿಲ್ಲ.

ಕ್ರಿಸ್‌ಮಸ್ ರಜಾದಾಗ ಇಲ್ಲೆ ಬಾ. ಪಿಟೀಲು ತಗೊಂಡು ಬಾ. ಬೆರಳು ಕೂಡವಲ್ದಾಗಿದ್ರ ನಾ ಮುಖದ ಮ್ಯಾಲೆ ಹೇಳತೀನಿ. ಚಲೋ ಬಾರಿಸಿದ್ರ ಹೇಳಾಕ ಒಂದೆರಡು ದಿನ ಹಿಡೀಬಹುದು.

ಶ್ವೇತಾ